ಪೋರ್ಟ್ 102ರ ಪೂರ್ವಕಥೆ

ಪುಣೆಯ ನಮ್ಮ ಆಫೀಸಿನಲ್ಲಿ ವಿದ್ಯುತ್ ಸಬ್‌ಸ್ಟೇಷನ್ ಒಂದರ ಫೈರ್‌ವಾಲ್ ಪಟ್ಟಿ ನೋಡುತ್ತಿದ್ದೆವು. ಹೊಸದಾಗಿ ಸೇರಿದ ಇಂಜಿನಿಯರ್ ಒಬ್ಬಳು, "ಸರ್, ಈ 102 ಯಾಕೆ ತೆರೆದಿಡಬೇಕು?" ಎಂದು ಕೇಳಿದಳು. "ಐಇಸಿ 61850ಗೆ ಬೇಕು" ಎಂದು ಹೇಳಿ ಮುಂದಿನ ಸಾಲಿಗೆ ಹೋದೆ. ಉತ್ತರ ತಪ್ಪಲ್ಲ. ಆದರೆ ಆ ಅಂಕಿಯ ಹಿಂದೆ ಒಂದು ದೊಡ್ಡ ಜಗಳವಿದೆ, ಅದನ್ನು ಹೇಳದೆ ದಾಟಿಬಿಟ್ಟೆ.

ಜಗಳದ ಮೂಲ ಇಷ್ಟೆ: ಎರಡು ಕಂಪ್ಯೂಟರುಗಳ ನಡುವೆ ಮಾಹಿತಿ ಕಳೆದುಹೋದರೆ ಹೊಣೆ ಯಾರದು? ನಡುವಿನ ಜಾಲದ್ದು ಎಂದವು ಟೆಲಿಫೋನ್ ಇಲಾಖೆಗಳು. ಟ್ರಂಕ್ ಕಾಲ್ ಹಾಗೆ ಮೊದಲು ಸಂಪರ್ಕ ಕಟ್ಟಿ, ಆಮೇಲೆ ಮಾತು. 1976ರ ಎಕ್ಸ್.25 ಈ ಜಾತಿಯದು. ಫ್ರಾನ್ಸಿನ ಲೂಯಿ ಪೂಜಾಂ ಇದನ್ನು ಒಪ್ಪಲಿಲ್ಲ. ಅವರ ಸಿಕ್ಲಾಡ್ ಜಾಲದಲ್ಲಿ ಪ್ರತಿ ಪೊಟ್ಟಣವೂ ಪೋಸ್ಟ್‌ಕಾರ್ಡಿನ ಹಾಗೆ ತನ್ನ ವಿಳಾಸ ಹೊತ್ತು ತಾನೇ ಹೋಗುತ್ತಿತ್ತು. ಕಳೆದದ್ದನ್ನು ಮತ್ತೆ ಕಳಿಸುವುದು, ಹಿಂದುಮುಂದಾದದ್ದನ್ನು ಜೋಡಿಸುವುದು ತುದಿಯ ಕಂಪ್ಯೂಟರುಗಳ ಕೆಲಸ. ಈ ವಿಚಾರವನ್ನು ಅಮೆರಿಕದಲ್ಲಿ ಸೆರ್ಫ್ ಮತ್ತು ಕಾನ್ ಟಿಸಿಪಿಗೆ ತೆಗೆದುಕೊಂಡರು. ಸ್ವಂತ ದೇಶದಲ್ಲಿ ಮಾತ್ರ 1978ರಲ್ಲಿ ಎಕ್ಸ್.25 ಮೇಲೆ ಟ್ರಾನ್ಸ್‌ಪ್ಯಾಕ್ ಶುರುವಾಯಿತು. ಸಿಕ್ಲಾಡ್‌ಗೆ ಸರ್ಕಾರದ ಹಣ ನಿಂತುಹೋಯಿತು.

ತೀರ್ಮಾನಿಸುವ ಸರದಿ ಓಎಸ್ಐ ಸಮಿತಿಗಳಿಗೆ ಬಂತು. ಅವು ಹಾವು ಸಾಯದ, ಕೋಲು ಮುರಿಯದ ದಾರಿ ಹಿಡಿದವು. ಜಾಲಗಳನ್ನು ಮೂರು ಬಗೆ ಮಾಡಿದವು. 'ಎ' ನಂಬಿಕಸ್ತ. 'ಬಿ'ಯಲ್ಲಿ ಮಾಹಿತಿ ಸದ್ದಿಲ್ಲದೆ ಕೆಡುವುದಿಲ್ಲ, ಆದರೆ ಸಂಪರ್ಕ ಪದೇ ಪದೇ ಕಡಿಯುತ್ತದೆ; ಕಡಿದಾಗ ಹೇಳುತ್ತದೆ. 'ಸಿ' ಹೇಳದೇ ಕೇಳದೇ ಕಳೆಯುತ್ತದೆ. ಇವುಗಳ ಮೇಲೆ ಸಾಗಣೆಗೆ ಐದು ಕ್ಲಾಸುಗಳು: 'ಎ'ಗೆ 0 ಮತ್ತು 2, 'ಬಿ'ಗೆ 1 ಮತ್ತು 3, 'ಸಿ'ಗೆ 4. ಕ್ಲಾಸ್ 0 ಹೆಚ್ಚುಕಡಿಮೆ ಏನೂ ಮಾಡುವುದಿಲ್ಲ. ಕ್ಲಾಸ್ 4 ಯಾರನ್ನೂ ನಂಬದೆ ಎಲ್ಲವನ್ನೂ ತಾನೇ ಎಣಿಸುತ್ತದೆ.

ಎಂಟೆಕ್ ಪರೀಕ್ಷೆಗೆ ಈ ಕೋಷ್ಟಕವನ್ನು ಬಾಯಿಪಾಠ ಮಾಡಿದ್ದೆ. ಎಷ್ಟು ಅಚ್ಚುಕಟ್ಟು ಅನ್ನಿಸಿತ್ತು. ಈಗ ನೋಡಿದರೆ, ಯಾರಿಗೂ ಇಲ್ಲ ಎನ್ನಲಾಗದ ಮೀಟಿಂಗಿನ ಮಿನಿಟ್ಸ್ ಹಾಗೆ ಕಾಣುತ್ತದೆ. ಯುರೋಪಿನವರು ಎಕ್ಸ್.25 ಮೇಲೆ ಕ್ಲಾಸ್ 0 ಕಡೆ ವಾಲಿದರು. ಅಮೆರಿಕದ ಸರ್ಕಾರ ಸಂಪರ್ಕರಹಿತ ಜಾಲದ ಮೇಲೆ ಕ್ಲಾಸ್ 4 ಬೇಕೆಂದಿತು. ಎರಡೂ ಅಪ್ಪಟ ಓಎಸ್ಐ, ಆದರೆ ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ತಿಳಿಯದು! ನಡುವೆ ದುಭಾಷಿ ಬೇಕು.

ಇದನ್ನು ಓದಿ ನಗುವ ಹಕ್ಕು ನನಗಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಯೋಜನೆಯಲ್ಲಿ ಮಾಡ್‌ಬಸ್ಸೋ ಐಇಸಿ 104ಓ ಎಂಬ ವಾದ ಎದ್ದಾಗ, "ಎರಡರಲ್ಲಿ ಯಾವುದಾದರೂ ಸರಿ" ಎಂದು ಬರೆದು ಸಹಿ ಹಾಕಿದವನು ನಾನೇ. ಇಬ್ಬರು ಸರಬರಾಜುದಾರರು ಒಂದೊಂದನ್ನು ತಂದರು. ಮೂರು ರಾತ್ರಿ ಸೈಟಿನಲ್ಲಿ ಕಳೆದು, ಕೊನೆಗೆ ಬಜೆಟ್ಟಿನಲ್ಲಿ ಇಲ್ಲದ ಗೇಟ್‌ವೇ ಒಂದನ್ನು ನಡುವೆ ಕೂರಿಸಿದೆವು. ಆ ಬಿಲ್ ಯಾರ ತಲೆಗೆ ಬಂತೆಂದು ಕೇಳಬೇಡಿ.

ನಮ್ಮ ದೇಶದಲ್ಲೂ ಈ ಜೋಡಿ ಸಂಸಾರ ನಡೆದಿತ್ತು. ಬೆಂಗಳೂರಿನ ಐಐಎಸ್‌ಸಿಯೂ ಸೇರಿದ್ದ, 1986ರಲ್ಲಿ ಹುಟ್ಟಿದ ಅರ್ನೆಟ್, ಲೀಸ್ಡ್ ಲೈನುಗಳ ಮೇಲೆ ಟಿಸಿಪಿ/ಐಪಿ, ಓಎಸ್ಐ ಎರಡನ್ನೂ ಓಡಿಸಿತು. 1995ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಸಂಚಾರವೂ ಟಿಸಿಪಿ/ಐಪಿಗೆ ಬಂದಿತ್ತು.

ಇನ್ನು 102. 1987ರಲ್ಲಿ ಮಾರ್ಷಲ್ ರೋಸ್ ಮತ್ತು ಡ್ವೈಟ್ ಕಾಸ್, ಆರ್‌ಎಫ್‌ಸಿ 1006ರಲ್ಲಿ ಒಂದು ಉಪಾಯ ಬರೆದರು. ಓಎಸ್ಐಗೆ ನಂಬಿಕಸ್ತ ಜಾಲ ಬೇಕು ತಾನೆ? ಟಿಸಿಪಿಯನ್ನೇ ಅಂಥ ಜಾಲವೆಂದು ಎಣಿಸಿ, ಅದರ ಮೇಲೆ ಕ್ಲಾಸ್ 0 ಕೂರಿಸಿ. ಟೆಲಿಫೋನಿನವರ ಕ್ಲಾಸು, ಪೂಜಾಂ ಹಾದಿಯಲ್ಲಿ ಬಂದ ಟಿಸಿಪಿಯ ಹೆಗಲೇರಿ, ಇವತ್ತಿಗೂ ಸಬ್‌ಸ್ಟೇಷನ್ನುಗಳಲ್ಲಿ ಓಡಾಡುತ್ತಿದೆ. ಅದರ ಬಾಗಿಲೇ ಪೋರ್ಟ್ 102.

ಮರುದಿನ ಇಷ್ಟನ್ನೂ ಅವಳಿಗೆ ಹೇಳಿದೆ. "ಮತ್ತೆ ಆ 1, 2, 3 ಎಲ್ಲಿ ಓಡುತ್ತಿವೆ ಸರ್?" ಎಂದಳು. ನಾನು ಕಂಡದ್ದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ಎಂದೆ. 102ನ್ನು ಬೇಕಾದ ಎರಡೇ ವಿಳಾಸಗಳ ನಡುವೆ ತೆರೆದು, ಪಟ್ಟಿ ಮುಗಿಸಿದೆವು.