ಹೂಮಳೆ, ನೆರಳು, ಕಾಂಡಕೊರಕ: ಮಲೆನಾಡಿನ ಕಾಫಿಯ ಹವಾಮಾನ ಚರಿತ್ರೆ

ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಕಾಫಿ ತೋಟಗಳು ದೊಡ್ಡ ಮರಗಳ ನೆರಳಿನಲ್ಲಿ ಹಬ್ಬಿಕೊಂಡಿರುವುದರಿಂದ, ಅವುಗಳನ್ನು ಕಾಡಿನ ಸಹಜ ಮುಂದುವರಿಕೆಯೆಂದೇ ಭಾವಿಸುವುದು ರೂಢಿಯಾಗಿದೆ. ಆದರೆ ಯೋಜಿತ ನೆರಳಿನ ಈ ಪದ್ಧತಿ ವ್ಯಾಪಕವಾಗಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಒಂದು ದೊಡ್ಡ ಬೆಳೆನಾಶದ ತರುವಾಯ. ಕಾಡು ಕಡಿದು ನೆಲವನ್ನು ಬಿಸಿಲಿಗೆ ಒಡ್ಡಿದಾಗ ಗಿಡ ಹೇಗೆ ಸೊರಗುತ್ತದೆ, ಕೀಟ ಹೇಗೆ ಕೊಬ್ಬುತ್ತದೆ ಎಂಬುದನ್ನು ನಷ್ಟದ ಮೂಲಕವೇ ಅರಿತ ಬೆಳೆಗಾರರು, ತೋಟದ ಒಳಗಿನ ಹವೆಯನ್ನು ತಮ್ಮ ಕೈಯಿಂದಲೇ ತಿದ್ದಲು ಹೊರಟದ್ದರ ಫಲ ಅದು.

ಅರೇಬಿಕಾ ಕಾಫಿಯ ತವರು ಇಥಿಯೋಪಿಯದ ನೈಋತ್ಯ ಭಾಗದ ಎತ್ತರದ ಕಾಡು. ಅಲ್ಲಿ ಅದು ಹೆಮ್ಮರಗಳ ಕೆಳಗೆ, ಚದುರಿದ ಬೆಳಕಿನಲ್ಲಿ ಬೆಳೆಯುವ ಸಣ್ಣ ಮರ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಮಲೆನಾಡು ಈ ಗಿಡಕ್ಕೆ ಒಗ್ಗಲು ಎತ್ತರ ಮತ್ತು ತಂಪಿನ ಜೊತೆಗೆ ಇಲ್ಲಿನ ಮಳೆಯ ಕ್ರಮವೂ ಕಾರಣ. ಮಳೆಗಾಲ ಮುಗಿಯುವ ಹೊತ್ತಿಗೆ ಎಲೆಯ ಕಂಕುಳಲ್ಲಿ ಮೂಡುವ ಮೊಗ್ಗು ಸ್ವಲ್ಪ ಬೆಳೆದು ನಿಂತುಬಿಡುತ್ತದೆ. ಜನವರಿ, ಫೆಬ್ರವರಿಯ ಒಣಹವೆಯಲ್ಲಿ ಗಿಡ ನೀರಿನ ಕೊರತೆಯನ್ನು ಅನುಭವಿಸಿದ ಮೇಲಷ್ಟೇ ಅದು ಅರಳಲು ಸಿದ್ಧವಾಗುತ್ತದೆ. ಆಮೇಲೆ ಒಂದು ಇಂಚಿನಿಂದ ಒಂದೂವರೆ ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ, ಅರೇಬಿಕಾದಲ್ಲಿ ಒಂಬತ್ತು ಹತ್ತು ದಿನಕ್ಕೆ, ರೊಬಸ್ಟಾದಲ್ಲಿ ಅದಕ್ಕಿಂತ ಒಂದೆರಡು ದಿನ ಮೊದಲೇ, ಇಡೀ ತೋಟ ಬೆಳ್ಳಗಾಗುತ್ತದೆ. ಬೆಳೆಗಾರರು ಹೂಮಳೆ ಎಂದು ಕರೆಯುವುದು ಈ ಮಳೆಯನ್ನೇ. ಅದಾದ ಎರಡು ಮೂರು ವಾರಗಳೊಳಗೆ ಕಾಯಿಕಟ್ಟುವುದಕ್ಕೆ ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಎಂಬ ಇಂಗ್ಲಿಷ್ ಹೆಸರೇ ತೋಟಗಳಲ್ಲಿ ಉಳಿದುಕೊಂಡಿದೆ. ಹೀಗೆ ಇಡೀ ವರ್ಷದ ಫಸಲು ಎರಡು ಮಳೆಗಳ ಪ್ರಮಾಣ ಮತ್ತು ಅಂತರವನ್ನು ಅವಲಂಬಿಸಿರುವುದರಿಂದಲೇ, ದೊಡ್ಡ ತೋಟಗಳು ತಲೆಮಾರುಗಳಿಂದ ಮಳೆಮಾಪಕ ಇಟ್ಟುಕೊಂಡು ದಿನದಿನದ ಮಳೆಯನ್ನು ಇಂಚು, ಸೆಂಟ್‌ಗಳ ಲೆಕ್ಕದಲ್ಲಿ ಬರೆದಿಡುತ್ತ ಬಂದಿವೆ. ಇಲ್ಲಿ ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಭಾಗ.

ಕೊಡಗಿನಲ್ಲಿ ಮೊದಲ ಯುರೋಪಿಯನ್ ತೋಟವನ್ನು ಫೌಲರ್ ಎಂಬಾತ 1854ರಲ್ಲಿ ಮಡಿಕೇರಿಯ ಬಳಿ ತೆರೆದ ಮೇಲೆ, ಕೆಲವೇ ವರ್ಷಗಳಲ್ಲಿ ಬೆಟ್ಟದ ಇಳಿಜಾರುಗಳು ಕಾಫಿಗಾಗಿ ಬೋಳಾದವು. ಕಾಡನ್ನು ಕಡಿದು ಸುಟ್ಟು, ಬಯಲಾದ ನೆಲದಲ್ಲಿ ಗಿಡ ನೆಡುವ ಪದ್ಧತಿ ಆಗ ಸಿಲೋನಿನಲ್ಲಿ ಲಾಭ ತಂದಿತ್ತು. ಅದೇ ಇಲ್ಲಿಯೂ ಅನುಸರಣೆಗೆ ಬಂತು. ಮೊದಲ ಕೆಲವು ವರ್ಷ ಕಾಡುಮಣ್ಣಿನ ಸಾರದಿಂದ ಇಳುವರಿ ಚೆನ್ನಾಗಿಯೇ ಇತ್ತು. 1860ರ ದಶಕದ ನಡುವೆ ಮಳೆ ಕೈಕೊಟ್ಟು ಹವೆ ಒಣಗಿದಾಗ ಬಿಳಿ ಕಾಂಡಕೊರಕ, ಅಂದರೆ ತೋಟಗಳಲ್ಲಿ ಬೋರರ್ ಎಂದೇ ಪರಿಚಿತವಾದ ಕೀಟ, ಲೆಕ್ಕವಿಲ್ಲದಷ್ಟು ಗಿಡಗಳನ್ನು ಕೊಂದಿತು. ಈ ದುಂಬಿಗೆ ಬಿಸಿಲು ಬಿದ್ದು ಬೆಚ್ಚಗಾದ ಕಾಂಡವೆಂದರೆ ಇಷ್ಟ. ಹೆಣ್ಣು ದುಂಬಿ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತ ಸಾಗುತ್ತದೆ, ಹೊರಗೆ ತೊಗಟೆಯ ಮೇಲೆ ಉಬ್ಬುಗೆರೆಗಳು ಏಳುತ್ತವೆ, ಎಲೆ ಹಳದಿಗೆ ತಿರುಗುವ ಹೊತ್ತಿಗೆ ಗಿಡದ ಕತೆ ಬಹುಮಟ್ಟಿಗೆ ಮುಗಿದಿರುತ್ತದೆ. ಮದ್ರಾಸ್ ಸರ್ಕಾರದ ಪರವಾಗಿ ಇದನ್ನು ಪರಿಶೀಲಿಸಿದ ವೈದ್ಯ ಜಾರ್ಜ್ ಬಿಡಿ 1869ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಅರಣ್ಯನಾಶ ಮತ್ತು ನೆರಳಿಲ್ಲದ ಬೇಸಾಯವನ್ನು ಈ ಹಾವಳಿಗೆ ಜೋಡಿಸಿ, ನೆರಳನ್ನು ಮರಳಿ ಬೆಳೆಸುವಂತೆ ಸಲಹೆ ಮಾಡಿದನು.

ಅದೇ 1869ರಲ್ಲಿ ಸಿಲೋನಿನಲ್ಲಿ ಗುರುತಿಸಲ್ಪಟ್ಟ ಎಲೆತುಕ್ಕು ರೋಗ, ಎಲೆಯ ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಳ್ಳುವ ಶಿಲೀಂಧ್ರ, ಬಹುಬೇಗ ದಕ್ಷಿಣ ಭಾರತಕ್ಕೂ ಹರಡಿತು. ಸಿಲೋನ್ ಕಾಫಿಯನ್ನು ಬಿಟ್ಟು ಚಹಾಕ್ಕೆ ಹೊರಳಿದರೆ, ಮೈಸೂರು ಮತ್ತು ಕೊಡಗು ಬೆಳೆಯನ್ನು ಉಳಿಸಿಕೊಂಡು ಗಿಡದ ತಳಿಯನ್ನೂ ತೋಟದ ರಚನೆಯನ್ನೂ ಬದಲಿಸಿದವು. ಅತ್ತಿ, ಹಲಸು, ನಂದಿಯಂಥ ಕಾಡುಮರಗಳ ಕೆಳಗೆ ಹಾಲುವಾಣದ ಎರಡನೆಯ ಮಟ್ಟದ ನೆರಳು ಬಂತು. ಆಸ್ಟ್ರೇಲಿಯದ ಸಿಲ್ವರ್ ಓಕ್ ಸೇರಿಕೊಂಡಿತು. ಮಳೆಗಾಲದಲ್ಲಿ ಹೆಚ್ಚಿನ ತೇವದಿಂದ ಕೊಳೆರೋಗ ಬರದಂತೆ ಕೊಂಬೆ ಸವರಿ ಬೆಳಕು ಬಿಡುವ ಮರಗಸಿ ಒಂದು ನುರಿತ ಕಸುಬಾಗಿ ಬೆಳೆಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ನೆಲೆಗೊಂಡ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಹೊರಬಂದ ಎಸ್.795 ತಳಿ, ತುಕ್ಕನ್ನು ಸಾಕಷ್ಟು ತಾಳಿಕೊಂಡು ಅರೇಬಿಕಾ ತೋಟಗಳ ಮುಖ್ಯ ಆಸರೆಯಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ರೊಬಸ್ಟಾ, ಹೆಚ್ಚು ಉಷ್ಣವನ್ನು ಸಹಿಸುವ, ಕಾಂಡಕೊರಕ ಅಷ್ಟಾಗಿ ಮುಟ್ಟದ ಜಾತಿಯಾದ್ದರಿಂದ, ತಗ್ಗಿನ ತೋಟಗಳಿಂದ ಆರಂಭವಾಗಿ ಅರೇಬಿಕಾದ ನೆಲವನ್ನು ಕ್ರಮೇಣ ಆಕ್ರಮಿಸಿತು. ಇಂದು ದೇಶದ ಕಾಫಿ ಉತ್ಪಾದನೆಯಲ್ಲಿ ಮೂರನೆಯ ಎರಡು ಭಾಗಕ್ಕಿಂತ ಹೆಚ್ಚು ಅದರದ್ದೇ. ಆದರೆ ಈ ಗಿಡಕ್ಕೂ ತನ್ನದೇ ಬೇಡಿಕೆಗಳಿವೆ. ತನ್ನ ಪರಾಗದಿಂದಲೇ ಕಾಯಿಕಟ್ಟುವ ಅರೇಬಿಕಾಕ್ಕೆ ವ್ಯತಿರಿಕ್ತವಾಗಿ, ರೊಬಸ್ಟಾಕ್ಕೆ ಬೇರೊಂದು ಗಿಡದ ಪರಾಗ ಗಾಳಿಯ ಇಲ್ಲವೇ ಹೆಜ್ಜೇನು, ತುಡುವೆಗಳ ಮೂಲಕ ತಲುಪಬೇಕು. ಹೂವಿನ ಆಯುಸ್ಸೋ ಎರಡು ಮೂರು ದಿನ. ಸಕಾಲದಲ್ಲಿ ಮಳೆ ಬಾರದಿದ್ದರೆ ರೊಬಸ್ಟಾದ ಫಸಲು ತೀವ್ರವಾಗಿ ಕುಸಿಯುವುದರಿಂದ, ಹೂಮಳೆಯ ಕೆಲಸವನ್ನು ಸ್ಪ್ರಿಂಕ್ಲರ್‌ಗೆ ಒಪ್ಪಿಸುವ ಕ್ರಮ ಬೆಳೆಯಿತು. ಫೆಬ್ರವರಿ, ಮಾರ್ಚ್‌ನಲ್ಲಿ ಕೆರೆ ಮತ್ತು ಹೊಳೆಗಳ ನೀರು ಪೈಪುಗಳಲ್ಲಿ ಹರಿದು ಮಳೆಯಂತೆ ಬೀಳುತ್ತದೆ, ಗಿಡವೂ ಅದನ್ನು ಮಳೆಯೆಂದೇ ಸ್ವೀಕರಿಸಿ ಅರಳುತ್ತದೆ.

ಬಾರದ ಮಳೆಗೆ ಹೀಗೆ ಪರ್ಯಾಯ ದೊರೆತರೂ, ಬೇಡದ ಹೊತ್ತಿನಲ್ಲಿ ಬರುವ ಮಳೆಗೆ ಅಂಥ ಪರ್ಯಾಯವಿಲ್ಲ. ಜನವರಿಯಲ್ಲಿ ಅಕಾಲ ಮಳೆ ಸುರಿದರೆ, ಹಣ್ಣು ಕೊಯ್ಯುತ್ತಿರುವ ಕೊಂಬೆಯಲ್ಲೇ ಹೊಸ ಹೂ ಅರಳುತ್ತದೆ, ಕೊಯ್ಲಿನ ಕೈ ತಾಗಿ ಹೂ ಉದುರುತ್ತದೆ, ಕಣದಲ್ಲಿ ಹರಡಿದ ಕಾಫಿ ಒಣಗದೆ ಬೂಷ್ಟು ಹಿಡಿಯುತ್ತದೆ. ಬಿಡಿಬಿಡಿಯಾಗಿ ಹಲವು ಸಲ ಹೂ ಬಂದರೆ ಹಣ್ಣೂ ಹಲವು ಕಂತುಗಳಲ್ಲಿ ಮಾಗಿ ಕೂಲಿಯ ಖರ್ಚು ಏರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಎಷ್ಟೋ ತೋಟಗಳು ಮಣ್ಣಿನೊಂದಿಗೇ ಜಾರಿಹೋದವು. ಹತ್ತೊಂಬತ್ತನೆಯ ಶತಮಾನದ ಬೆಳೆಗಾರನು ಕೆಡಿಸಿದ್ದು ಬಹುಮಟ್ಟಿಗೆ ತನ್ನ ಬೇಲಿಯೊಳಗಿನ ಹವೆಯನ್ನು; ಮರ ನೆಟ್ಟು ಅದನ್ನು ಸರಿಪಡಿಸಿಕೊಳ್ಳಲು ಆತನಿಗೆ ಸಾಧ್ಯವಾಯಿತು. ಈಗಿನ ವ್ಯತ್ಯಯದ ಮೂಲ ಬೇಲಿಯ ಹೊರಗೆ ದೂರದಲ್ಲಿದೆ. ನೆರಳು ಬಿಸಿಲನ್ನು ತಡೆದು ನೆಲದ ತೇವವನ್ನು ಉಳಿಸಬಲ್ಲದಾದರೂ, ಮಳೆಯ ತಿಂಗಳನ್ನು ಬದಲಿಸಲಾರದು. ಹಾಗಿದ್ದೂ ಹೆಚ್ಚು ಇಳುವರಿಯ ಆಸೆಗೆ ತೋಟದ ನೆರಳನ್ನು ತೆಳುಮಾಡುವವರು, ತಮ್ಮ ಕೈಯಳತೆಯಲ್ಲಿ ಉಳಿದಿರುವ ಒಂದೇ ರಕ್ಷಣೆಯನ್ನು, ಅದೂ 1860ರ ದಶಕದಲ್ಲೇ ಬೆಲೆ ತೆತ್ತು ಕಲಿತದ್ದನ್ನು, ಬಿಟ್ಟುಕೊಡುತ್ತಿದ್ದಾರೆ.