ಪಾಸ್‌ವರ್ಡು ಮತ್ತು ಬೆರಳಗುರುತು

ವಾಣಿಜ್ಯ ಸಂಸ್ಥೆಗಳ ಗಣಕಜಾಲವನ್ನು ಪ್ರವೇಶಿಸಲು ಪಾಸ್‌ವರ್ಡಿಗೆ ಬದಲಾಗಿ ಬೆರಳಗುರುತನ್ನು ಒತ್ತುವ ಪದ್ಧತಿಯನ್ನು ನಾವು ಹೊಸದೆಂದೇ ಬಗೆಯುತ್ತೇವೆ. ವಸ್ತುತಃ ಗಣಕದ ಪಾಸ್‌ವರ್ಡಿಗಿಂತ ವ್ಯವಹಾರದ ಬೆರಳಗುರುತೇ ಹಿರಿಯದು.

1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲನು, ರಸ್ತೆಯ ಸಾಮಗ್ರಿಯನ್ನು ಒದಗಿಸಲೊಪ್ಪಿದ ರಾಜ್ಯಧರ ಕೋನಾಯಿ ಎಂಬ ಗುತ್ತಿಗೆದಾರನ ಅಂಗೈಯನ್ನು ಕರಾರುಪತ್ರದ ಮೇಲೆ ಒತ್ತಿಸಿದನು. ಸಹಿ ತನ್ನದಲ್ಲವೆಂದು ಆತನು ಮುಂದೆ ನುಣುಚಿಕೊಳ್ಳಬಾರದೆಂಬುದೇ ಇದರ ಉದ್ದೇಶ. 1877ರಲ್ಲಿ ಹೂಗ್ಲಿಯಲ್ಲಿ ಪತ್ರಗಳ ನೋಂದಣಿಗೂ ಪಿಂಚಣಿಯ ವಿತರಣೆಗೂ ಹರ್ಷೆಲನೇ ಬೆರಳಗುರುತನ್ನು ಬಳಕೆಗೆ ತಂದನು. ಕಲ್ಕತ್ತೆಯ ಪೊಲೀಸ್ ಬೆರಳಗುರುತಿನ ಕಚೇರಿ ಸ್ಥಾಪಿತವಾದುದು 1897ರಲ್ಲಿ.

ಗಣಕದ ಪಾಸ್‌ವರ್ಡಾದರೋ 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ನೇತೃತ್ವದಲ್ಲಿ ರಚಿತವಾದ, ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯಲ್ಲಿ ಬಳಕೆಗೆ ಬಂದಿತು. 1962ರಲ್ಲೇ ಅಲನ್ ಶೆರ್ ಎಂಬ ಸಂಶೋಧಕನು, ತನಗೆ ದೊರೆತ ಗಣಕಸಮಯ ಸಾಲದೆ, ಪಾಸ್‌ವರ್ಡುಗಳ ಕಡತವನ್ನೇ ಮುದ್ರಿಸಿಕೊಂಡನು. ಬೀಗ ಬಂದೊಡನೆಯೇ ಕಳ್ಳಗೈಯೂ ಬಂದಿತೆನ್ನಬೇಕು!

ಆದರೆ ಕಳುವಾದ ಪಾಸ್‌ವರ್ಡನ್ನು ಬದಲಾಯಿಸಬಹುದು, ಬೆರಳನ್ನು ಬದಲಾಯಿಸುವುದೆಂತು? 2015ರಲ್ಲಿ ಅಮೆರಿಕ ಸರ್ಕಾರದ ಸಿಬ್ಬಂದಿ ಇಲಾಖೆಯ ಕಡತಗಳಿಂದ ಸುಮಾರು 56 ಲಕ್ಷ ಜನರ ಬೆರಳಗುರುತುಗಳು ಅಪಹೃತವಾದವು. 2002ರಲ್ಲಿಯೇ ಜಪಾನಿನ ತ್ಸುತೋಮು ಮತ್ಸುಮೋಟೊ ಅವರು ಜೆಲಟಿನ್ನಿನ ಕೃತಕ ಬೆರಳುಗಳಿಂದ ಯಂತ್ರಗಳನ್ನು ವಂಚಿಸಬಹುದೆಂದು ತೋರಿಸಿದ್ದರು. ಜಂಗೀಪುರದಲ್ಲಿ ಕೈಯೊತ್ತಿದವನು ಅಧಿಕಾರಿಯ ಕಣ್ಣೆದುರಿಗೇ ಇದ್ದನು. ಗಣಕದ ಮುಂದೆ ಅಂತಹ ಸಾಕ್ಷಿಯಿಲ್ಲ. ಈ ಭೇದವನ್ನು ವ್ಯವಸ್ಥಾಪಕರು ಬಹುಕಾಲ ಲಘುವಾಗಿ ಕಂಡರೆಂದೇ ನಮ್ಮ ಅಭಿಪ್ರಾಯ. ಈಚಿನ ಹಲವು ಸಾಧನಗಳಲ್ಲಿ ಗುರುತನ್ನು ಕೇಂದ್ರದ ಕಡತಕ್ಕೆ ಕಳುಹಿಸದೆ, ಬಳಸುವವನ ಕೈಯಲ್ಲಿರುವ ಯಂತ್ರದ ಚಿಪ್ಪಿನೊಳಗೇ ಇರಿಸಲಾಗುತ್ತಿದೆ.