ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ

ಅಂಗವೈಕಲ್ಯವುಳ್ಳ ಕ್ರೀಡಾಪಟುಗಳ ಅತಿದೊಡ್ಡ ಅಂತರರಾಷ್ಟ್ರೀಯ ಕೂಟವಾದ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತ ತಂಡ ಮೊದಲ ಬಾರಿ ಕಣಕ್ಕಿಳಿದದ್ದು 1968ರಲ್ಲಿ. ಅಂದಿನಿಂದ 2024ರ ಪ್ಯಾರಿಸ್ ಕೂಟದವರೆಗೆ ತಂಡವು 16 ಚಿನ್ನ, 21 ಬೆಳ್ಳಿ, 23 ಕಂಚು ಸೇರಿ 60 ಪದಕಗಳನ್ನು ಗೆದ್ದಿದೆ. ಇವುಗಳಲ್ಲಿ 48 ಪದಕಗಳು ಟೋಕಿಯೊ ಮತ್ತು ಪ್ಯಾರಿಸ್ ಕೂಟಗಳಲ್ಲೇ ಬಂದವು. ಅದಕ್ಕೂ ಹಿಂದಿನ ಸುಮಾರು ಐದು ದಶಕಗಳಲ್ಲಿ ದೊರೆತದ್ದು 12 ಮಾತ್ರ.

ಆರಂಭದ ವರ್ಷಗಳು

1968ರ ಕೂಟ ಇಸ್ರೇಲ್‌ನ ಟೆಲ್ ಅವೀವ್‌ನಲ್ಲಿ ನಡೆಯಿತು. ಭಾರತದಿಂದ ಹೋದ ಹತ್ತು ಮಂದಿಯ ತಂಡದಲ್ಲಿ ಇಬ್ಬರು ಮಹಿಳೆಯರಿದ್ದರು. ಪದಕ ಬರಲಿಲ್ಲ. ನಾಲ್ಕು ವರ್ಷಗಳ ನಂತರ ಪಶ್ಚಿಮ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ಮುರಳಿಕಾಂತ ಪೇಟ್ಕರ್ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡುಗಳಲ್ಲಿ ಮುಗಿಸಿ, ವಿಶ್ವದಾಖಲೆಯೊಂದಿಗೆ ದೇಶಕ್ಕೆ ಮೊದಲ ಚಿನ್ನ ತಂದರು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯವರಾದ ಪೇಟ್ಕರ್ ಸೇನೆಯ ತಾಂತ್ರಿಕ ದಳವಾದ ಇಎಂಇಯಲ್ಲಿದ್ದವರು, ಮೂಲತಃ ಬಾಕ್ಸರ್. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಗುಂಡೇಟು ತಿಂದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಮೇಲೆ, ಚಿಕಿತ್ಸೆಯ ಭಾಗವಾಗಿ ಈಜು ಕಲಿತಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

1976 ಮತ್ತು 1980ರ ಕೂಟಗಳಲ್ಲಿ ಭಾರತ ಭಾಗವಹಿಸಲಿಲ್ಲ. 1984ರಲ್ಲಿ ಮರಳಿದ ತಂಡಕ್ಕೆ ನಾಲ್ಕು ಪದಕಗಳು ಸಿಕ್ಕವು. ಜೋಗಿಂದರ್ ಸಿಂಗ್ ಬೇಡಿ ಗುಂಡು ಎಸೆತದಲ್ಲಿ ಬೆಳ್ಳಿ, ಡಿಸ್ಕಸ್ ಮತ್ತು ಜಾವೆಲಿನ್ ಎಸೆತಗಳಲ್ಲಿ ಕಂಚು ಗೆದ್ದರೆ, ಭೀಮರಾವ್ ಕೇಸರ್ಕರ್ ಜಾವೆಲಿನ್‌ನಲ್ಲಿ ಬೆಳ್ಳಿ ಪಡೆದರು. ಅಲ್ಲಿಂದೀಚೆಗೆ ಭಾರತ ಯಾವ ಬೇಸಿಗೆ ಕೂಟವನ್ನೂ ತಪ್ಪಿಸಿಲ್ಲ.

ಸಂಘಟನೆ

1988ರ ಸೋಲ್ ಕೂಟದಿಂದ 2000ದ ಸಿಡ್ನಿ ಕೂಟದವರೆಗೆ ಭಾರತಕ್ಕೆ ಪದಕವಿರಲಿಲ್ಲ. ಸೋಲ್‌ಗೆ ಹೋದವರಲ್ಲಿ ಬೆಂಗಳೂರಿನ ಮಾಲತಿ ಹೊಳ್ಳ ಒಬ್ಬರು. ಎಳವೆಯಲ್ಲೇ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿಯಲ್ಲಿ ಕುಳಿತೇ ಸ್ಪರ್ಧಿಸುತ್ತಿದ್ದ ಅವರು 2001ರಲ್ಲಿ ಪದ್ಮಶ್ರೀ ಪಡೆದರು. ಅಂಗವೈಕಲ್ಯವುಳ್ಳವರ ಕ್ರೀಡೆಗಳಿಗಾಗಿ 1992ರಲ್ಲಿ ಹುಟ್ಟಿದ ರಾಷ್ಟ್ರೀಯ ಒಕ್ಕೂಟವೇ ಮುಂದೆ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯಾಯಿತು. ಸಮಿತಿಯ ಹಾದಿ ಸುಗಮವಾಗಿರಲಿಲ್ಲ. ಆಂತರಿಕ ಕಲಹದ ಕಾರಣ ಅಂತರರಾಷ್ಟ್ರೀಯ ಪ್ಯಾರಾಲಿಂಪಿಕ್ ಸಮಿತಿ 2015ರಲ್ಲಿ ಅದನ್ನು ಅಮಾನತುಗೊಳಿಸಿ, ಮರುವರ್ಷ ರಿಯೊ ಕೂಟಕ್ಕೆ ಮುನ್ನ ಮಾನ್ಯತೆ ಮರಳಿಸಿತು.

ಅಥೆನ್ಸ್‌ನಿಂದ ರಿಯೊವರೆಗೆ

2004ರ ಅಥೆನ್ಸ್ ಕೂಟದಲ್ಲಿ ರಾಜಸ್ಥಾನದ ದೇವೇಂದ್ರ ಝಝಾರಿಯಾ ಜಾವೆಲಿನ್ ಅನ್ನು 62.15 ಮೀಟರ್ ದೂರ ಎಸೆದು ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು. ರಾಜಿಂದರ್ ಸಿಂಗ್ ರಹೇಲು ಪವರ್‌ಲಿಫ್ಟಿಂಗ್‌ನಲ್ಲಿ ಕಂಚು ಪಡೆದರು. ಬಾಲ್ಯದಲ್ಲಿ ವಿದ್ಯುತ್ ಆಘಾತದಿಂದ ಎಡಗೈ ಕಳೆದುಕೊಂಡಿದ್ದ ಝಝಾರಿಯಾ ಅವರ ವೈಕಲ್ಯಕ್ಕೆ ನಿಗದಿಯಾದ ಎಫ್46 ವರ್ಗದ ಜಾವೆಲಿನ್ ಸ್ಪರ್ಧೆ ಮುಂದಿನ ಎರಡು ಕೂಟಗಳಲ್ಲಿ ಇರಲೇ ಇಲ್ಲ. ಹೀಗಾಗಿ 2008ರ ಬೀಜಿಂಗ್‌ನಲ್ಲೂ 2012ರ ಲಂಡನ್‌ನಲ್ಲೂ ಅವರಿಗೆ ಅವಕಾಶ ತಪ್ಪಿತು. ಬೀಜಿಂಗ್‌ನಿಂದ ಭಾರತ ಬರಿಗೈಯಲ್ಲಿ ಮರಳಿತು.

ಲಂಡನ್‌ನಲ್ಲಿ ತಂಡದ ಏಕೈಕ ಪದಕ ಕರ್ನಾಟಕದ ಪಾಲಿನದು. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಎಫ್42 ವರ್ಗದ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಫಿಜಿಯ ಇಲೀಸಾ ಡೆಲಾನಾ ಹಾರಿದ್ದೂ ಅಷ್ಟೇ ಎತ್ತರ. ವಿಫಲ ಯತ್ನಗಳು ಕಡಿಮೆಯಿದ್ದ ಡೆಲಾನಾಗೆ ಚಿನ್ನ ಹೋಯಿತು. ಮರುವರ್ಷ ಗಿರೀಶ ಅವರಿಗೆ ಪದ್ಮಶ್ರೀ ದೊರೆಯಿತು.

2016ರ ರಿಯೊ ಕೂಟಕ್ಕೆ ಹೋದ 19 ಮಂದಿ ನಾಲ್ಕು ಪದಕ ತಂದರು. ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಎತ್ತರ ಜಿಗಿತದಲ್ಲಿ 1.89 ಮೀಟರ್ ಹಾರಿ ಚಿನ್ನ ಗೆದ್ದರು. ಅವರು ತರಬೇತಿ ಪಡೆದದ್ದು ಬೆಂಗಳೂರಿನಲ್ಲಿ, ಕೋಚ್ ಸತ್ಯನಾರಾಯಣ ಅವರ ಬಳಿ. ಅದೇ ಸ್ಪರ್ಧೆಯ ಕಂಚು ವರುಣ್ ಸಿಂಗ್ ಭಾಟಿ ಅವರದಾಯಿತು. ಝಝಾರಿಯಾ ಹನ್ನೆರಡು ವರ್ಷಗಳ ನಂತರ 63.97 ಮೀಟರ್ ಎಸೆತದಿಂದ ತಮ್ಮದೇ ವಿಶ್ವದಾಖಲೆ ಮುರಿದು ಎರಡನೇ ಚಿನ್ನ ಪಡೆದರು. ಗುಂಡು ಎಸೆತದಲ್ಲಿ ಬೆಳ್ಳಿ ಗೆದ್ದ ದೀಪಾ ಮಲಿಕ್ ಪ್ಯಾರಾಲಿಂಪಿಕ್ಸ್ ಪದಕ ಪಡೆದ ಭಾರತದ ಮೊದಲ ಮಹಿಳೆ. 2017ರಲ್ಲಿ ಖೇಲ್ ರತ್ನ ಪ್ರಶಸ್ತಿ ಝಝಾರಿಯಾ ಅವರಿಗೆ ಸಂದಿತು. ಪ್ಯಾರಾ ಕ್ರೀಡಾಪಟುವೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಟೋಕಿಯೊ ಮತ್ತು ಪ್ಯಾರಿಸ್

ಕೋವಿಡ್ ಕಾರಣ 2021ಕ್ಕೆ ಮುಂದೂಡಲಾದ ಟೋಕಿಯೊ ಕೂಟಕ್ಕೆ 54 ಮಂದಿಯ ತಂಡ ತೆರಳಿತು. 5 ಚಿನ್ನ, 8 ಬೆಳ್ಳಿ, 6 ಕಂಚು ಗೆದ್ದು ಭಾರತ ಪದಕ ಪಟ್ಟಿಯಲ್ಲಿ 24ನೇ ಸ್ಥಾನಕ್ಕೇರಿತು. ಶೂಟರ್ ಅವನಿ ಲೇಖರಾ ಚಿನ್ನ ಗೆದ್ದ ದೇಶದ ಮೊದಲ ಮಹಿಳೆಯಾದರು. ಸುಮಿತ್ ಅಂತಿಲ್ ಜಾವೆಲಿನ್‌ನಲ್ಲಿ, ಮನೀಷ್ ನರ್ವಾಲ್ ಪಿಸ್ತೂಲ್ ಶೂಟಿಂಗ್‌ನಲ್ಲಿ ಚಿನ್ನ ಪಡೆದರು. ಆ ವರ್ಷವೇ ಕೂಟಕ್ಕೆ ಸೇರ್ಪಡೆಯಾದ ಬ್ಯಾಡ್ಮಿಂಟನ್‌ನಲ್ಲಿ ಪ್ರಮೋದ್ ಭಗತ್ ಮತ್ತು ಕೃಷ್ಣ ನಾಗರ್ ಚಿನ್ನ ಗೆದ್ದರು. ಹಾಸನ ಮೂಲದ ಸುಹಾಸ್ ಯತಿರಾಜ್ ಇದೇ ಆಟದ ಎಸ್‌ಎಲ್4 ವರ್ಗದಲ್ಲಿ ಬೆಳ್ಳಿ ಪಡೆದರು. ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿದ ಅವರು ಉತ್ತರ ಪ್ರದೇಶ ಶ್ರೇಣಿಯ ಐಎಎಸ್ ಅಧಿಕಾರಿ, ಆಗ ಗೌತಮಬುದ್ಧ ನಗರದ ಜಿಲ್ಲಾಧಿಕಾರಿಯಾಗಿದ್ದರು. ಡಿಸ್ಕಸ್ ಎಸೆತದಲ್ಲಿ ಮೂರನೆಯವರಾದ ವಿನೋದ್ ಕುಮಾರ್ ಅವರ ವೈಕಲ್ಯ ಎಫ್52 ವರ್ಗಕ್ಕೆ ಹೊಂದುವುದಿಲ್ಲವೆಂದು ಮರುಪರಿಶೀಲನೆಯಲ್ಲಿ ತೀರ್ಮಾನವಾಗಿ, ಅವರ ಫಲಿತಾಂಶ ರದ್ದಾಯಿತು. ವೈಕಲ್ಯದ ಬಗೆ ಮತ್ತು ಪ್ರಮಾಣಕ್ಕೆ ತಕ್ಕಂತೆ ಸ್ಪರ್ಧಿಗಳನ್ನು ವಿಂಗಡಿಸುವ ಈ ಪದ್ಧತಿಯಲ್ಲಿ ವರ್ಗದ ನಿರ್ಣಯ ಪದಕದಷ್ಟೇ ಮುಖ್ಯ.

2024ರ ಪ್ಯಾರಿಸ್ ತಂಡದಲ್ಲಿ 84 ಮಂದಿಯಿದ್ದರು, ಅವರಲ್ಲಿ 32 ಮಹಿಳೆಯರು. 7 ಚಿನ್ನ, 9 ಬೆಳ್ಳಿ, 13 ಕಂಚು ಗೆದ್ದ ಭಾರತ 18ನೇ ಸ್ಥಾನ ಪಡೆಯಿತು. ಲೇಖರಾ ಮತ್ತು ಅಂತಿಲ್ ತಮ್ಮ ಚಿನ್ನ ಉಳಿಸಿಕೊಂಡರು. ಬ್ಯಾಡ್ಮಿಂಟನ್‌ನಲ್ಲಿ ನಿತೇಶ್ ಕುಮಾರ್, ಎತ್ತರ ಜಿಗಿತದಲ್ಲಿ ಪ್ರವೀಣ್ ಕುಮಾರ್ ಚಿನ್ನ ಗೆದ್ದರು. ಹರವಿಂದರ್ ಸಿಂಗ್ ಬಿಲ್ಲುಗಾರಿಕೆಯ ಮೊದಲ ಚಿನ್ನ ತಂದರೆ, ಕ್ಲಬ್ ಎಸೆತದಲ್ಲಿ ಧರಂಬೀರ್ ಚಿನ್ನವನ್ನೂ ಪ್ರಣವ್ ಸೂರ್ಮಾ ಬೆಳ್ಳಿಯನ್ನೂ ಪಡೆದರು. ಎಫ್41 ಜಾವೆಲಿನ್‌ನಲ್ಲಿ ಮೊದಲಿಗನಾಗಿದ್ದ ಇರಾನ್ ಸ್ಪರ್ಧಿ ಅನರ್ಹಗೊಂಡಾಗ ನವದೀಪ್ ಸಿಂಗ್ ಅವರ ಬೆಳ್ಳಿ ಚಿನ್ನವಾಯಿತು. 100 ಮತ್ತು 200 ಮೀಟರ್ ಓಟಗಳಲ್ಲಿ ಪ್ರೀತಿ ಪಾಲ್ ಗೆದ್ದ ಕಂಚುಗಳು ಓಟದಲ್ಲಿ ಭಾರತದ ಮೊದಲ ಪದಕಗಳು. ಜೂಡೊದ ಮೊದಲ ಪದಕ ಕಪಿಲ್ ಪರ್ಮಾರ್ ಅವರಿಂದ ಬಂತು. ಸುಹಾಸ್ ಮತ್ತೆ ಬೆಳ್ಳಿ ಪಡೆದರು. ತಂಗವೇಲು ಟೋಕಿಯೊದ ಬೆಳ್ಳಿಯ ನಂತರ ಇಲ್ಲಿ ಕಂಚು ಗೆದ್ದು, ಸತತ ಮೂರು ಕೂಟಗಳಲ್ಲಿ ಪದಕ ಪಡೆದ ಮೊದಲ ಭಾರತೀಯರಾದರು.

ಕ್ರೀಡಾವಾರು ಸಾಧನೆ

ಒಟ್ಟು 60 ಪದಕಗಳಲ್ಲಿ 35 ಅಥ್ಲೆಟಿಕ್ಸ್‌ನವು, ಅದರಲ್ಲೂ ಹೆಚ್ಚಿನವು ಎಸೆತ ಮತ್ತು ಎತ್ತರ ಜಿಗಿತದವು. ಬ್ಯಾಡ್ಮಿಂಟನ್ ಮತ್ತು ಶೂಟಿಂಗ್ ತಲಾ 9, ಬಿಲ್ಲುಗಾರಿಕೆ 3 ಪದಕ ನೀಡಿವೆ. ಟೇಬಲ್ ಟೆನಿಸ್, ಜೂಡೊ, ಪವರ್‌ಲಿಫ್ಟಿಂಗ್ ಮತ್ತು ಈಜಿನಿಂದ ಒಂದೊಂದು ಬಂದಿವೆ. ಈಜಿನಲ್ಲಿ ಪೇಟ್ಕರ್ ಅವರ 1972ರ ಚಿನ್ನದ ನಂತರ ಪ್ಯಾರಿಸ್‌ವರೆಗೆ ಬೇರೆ ಪದಕ ದೊರೆತಿಲ್ಲ.